ಹೆಜ್ಜೆ ತುಂಬುವುದು

ಆ ಊರನ್ನು ಕೆರೆಯ ಹೂಳಿನ ಮೇಲೆ ಕಟ್ಟಿದ್ದರು. ಕೆರೆ ಎಲ್ಲಿ ಹೋಯಿತೆಂದು ಕೇಳಿದರೆ ಹಿರಿಯರು ಬೆರಳು ಮಾಡಿ ಕೆಳಗೆ ತೋರಿಸುತ್ತಿದ್ದರು. ಮನೆಗಳೊಳಗೆ ಕಲ್ಲುಚಪ್ಪಡಿಯ ನೆಲವಿತ್ತು, ಶಾಲೆಗೆ ಕಲ್ಲಿನ ಜಗಲಿಯಿತ್ತು. ಬೀದಿಗಳು ಮಾತ್ರ ಹಸಿ ಜೇಡಿ. ಬಿಸಿಲು ಎಷ್ಟೇ ಕಾದರೂ ಆ ಜೇಡಿ ಸಂಜೆಯವರೆಗೆ ಒಣಗುತ್ತಿರಲಿಲ್ಲ. ಯಾರು ನಡೆದರೂ ಹೆಜ್ಜೆ ಮೂಡುತ್ತಿತ್ತು.

ಆ ನೆಲಕ್ಕೆ ಮೈಯ ತೂಕ ಗೊತ್ತಾಗುತ್ತಿರಲಿಲ್ಲ. ಗೊತ್ತಾಗುತ್ತಿದ್ದದ್ದು ಒಂದೇ: ನಡೆಯುವವರ ಮೇಲೆ ಬೇರೆಯವರು ಎಷ್ಟು ಮಾತು ಹೇರಿದ್ದಾರೆ ಎನ್ನುವುದು. ಅಕ್ಕಿಮೂಟೆಯಂತಿದ್ದ ಸಾಹುಕಾರ ಗುಬ್ಬಿಯ ಹಾಗೆ ಬೀದಿ ದಾಟುತ್ತಿದ್ದ. ಅವನನ್ನು ಯಾರೂ ಏನೂ ಅನ್ನುವ ಹಾಗಿರಲಿಲ್ಲ. ಅವನ ಸೊಸೆ ಗಾಳಿ ಬಂದರೆ ಹಾರಿಹೋಗುವ ಹಾಗಿದ್ದಳು. ಅವಳು ನೀರಿಗೆ ಹೋಗಿ ಬಂದರೆ ಬೆರಳು ಪೂರ್ತಿ ಹೂತ ಗುರುತು ಬಾವಿಯಿಂದ ಬಾಗಿಲವರೆಗೆ ಉಳಿಯುತ್ತಿತ್ತು.

ಇನ್ನೊಬ್ಬರ ಹೆಜ್ಜೆ ನೋಡುವುದು ಮರ್ಯಾದೆಯಲ್ಲ ಎಂದು ಮಕ್ಕಳಿಗೆ ಕಲಿಸುತ್ತಿದ್ದರು. ಆ ಊರಿನಲ್ಲಿ ದೊಡ್ಡವರೂ ಚಿಕ್ಕವರೂ ಸದಾ ತಲೆ ತಗ್ಗಿಸಿಕೊಂಡೇ ನಡೆಯುತ್ತಿದ್ದರು. ಹೊರಗಿನವರು ಅದನ್ನು ವಿನಯ ಎಂದುಕೊಳ್ಳುತ್ತಿದ್ದರು.

ಸಂಜೆ ಬೀದಿ ಸವರುವವನು ಬರುತ್ತಿದ್ದ. ಉದ್ದನೆಯ ಹಲಗೆಯೊಂದನ್ನು ಎಳೆದುಕೊಂಡು, ಹೊಂಡವಿದ್ದಲ್ಲಿ ಬುಟ್ಟಿಯಿಂದ ಮಣ್ಣು ಹಾಕಿ, ಬೀದಿಯನ್ನು ಹೊಸ ಸ್ಲೇಟಿನಷ್ಟು ನುಣುಪಾಗಿ ಮಾಡಿ ಹೋಗುತ್ತಿದ್ದ. ಬೆಳಗಾದರೆ ಮತ್ತೆ ಹೆಜ್ಜೆ. ಸಂಜೆಯಾದರೆ ಮತ್ತೆ ಹಲಗೆ.

ಹೆಜ್ಜೆಯ ಮೇಲೆ ಹೆಜ್ಜೆಯಿಡಲು ಆ ಊರಿನಲ್ಲಿ ಎರಡೇ ಸಂದರ್ಭಗಳಿದ್ದವು. ಒಂದು, ಮದುವೆ. ಗಂಡು ಮುಂದೆ ನಡೆಯುತ್ತಿದ್ದ, ಹೆಣ್ಣು ಅವನು ಊರಿದಲ್ಲೇ ಕಾಲೂರಿ ಹಿಂದೆ ಬರುತ್ತಿದ್ದಳು. ಇಬ್ಬರು ನಡೆದಲ್ಲಿ ಒಂದೇ ಸಾಲು ಮೂಡಿದರೆ ಮದುವೆ ಮುಗಿಯಿತು. ಇನ್ನೊಂದು, ಜಗಳ. ಕೆಟ್ಟ ಮಾತು ಆಡಿದವರು, ಆಡಿಸಿಕೊಂಡವರ ಹಸಿ ಹೆಜ್ಜೆಯೊಳಗೆ ಕಾಲಿಟ್ಟು, ಆಡಿದ ಮಾತನ್ನು ನಾಲ್ಕು ಜನರೆದುರು ಇನ್ನೊಮ್ಮೆ ಆಡಬೇಕು. ಆಗ ಅದರ ಭಾರ ಆಡಿಸಿಕೊಂಡವರಿಂದ ಇಳಿದು ಆಡಿದವರ ಮೇಲೇರುತ್ತಿತ್ತು. ಇದಕ್ಕೆ ಹೆಜ್ಜೆ ತುಂಬುವುದು ಎನ್ನುತ್ತಿದ್ದರು. ಓರಗಿತ್ತಿಯರು ತುಂಬುತ್ತಿದ್ದರು, ದಾಯಾದಿಗಳು ತುಂಬುತ್ತಿದ್ದರು. ಸಾಹುಕಾರನೂ ಒಮ್ಮೆ ತುಂಬಿದ್ದನಂತೆ, ಆದರೆ ಅದನ್ನು ಕಂಡವರು ಈಗ ಇಲ್ಲ.

ತಮಾಷೆಗೆ ಮಾತ್ರ ಯಾರೂ ಹೆಜ್ಜೆ ತುಂಬುತ್ತಿರಲಿಲ್ಲ. ಶಾಪ ತೂಗುತ್ತದೆ, ಬೈಗುಳ ತೂಗುತ್ತದೆ, ನಗುತ್ತ ಆಡಿದ್ದು ತೂಗುವುದಿಲ್ಲ ಎಂಬುದು ಊರಿನವರ ಲೆಕ್ಕ. ಮಕ್ಕಳ ಮಾತಂತೂ ಮಾತೇ ಅಲ್ಲ.

ಆ ಲೆಕ್ಕ ಒಮ್ಮೆ ತಪ್ಪಿತ್ತು. ಶಾಲೆಯ ಗಂಟೆ ಬಾರಿಸುವ ಹೆಂಗಸಿಗೆ ಒಬ್ಬ ಮಗನಿದ್ದ. ಅವನು ಪಾಠದ ಹೊತ್ತಿನಲ್ಲಿ ಒಬ್ಬ ಹುಡುಗನ ಕತ್ತಿನ ಹಿಂಭಾಗವನ್ನೇ ನೋಡುತ್ತಾನೆಂದು ಉಳಿದವರು ಪತ್ತೆ ಮಾಡಿದರು. ವರ್ಷವಿಡೀ ತಮಾಷೆ ನಡೆಯಿತು. ವರ್ಷದ ಕೊನೆಗೆ ಹುಡುಗ ಶಾಲೆಯ ಹಿಂದೆ ನೆಲದೊಳಗೆ ಹೋಗಿಬಿಟ್ಟ. ಹೆಡ್‌ಮೇಷ್ಟ್ರು ವಿಚಾರಣೆ ನಡೆಸಿ, ಹುಡುಗನ ಅಂಗಾಲು ಹುಟ್ಟಿನಿಂದಲೇ ಕಿರಿದಾಗಿತ್ತು ಎಂದು ತೀರ್ಮಾನಿಸಿದರು. ಬೇರೆ ಮಕ್ಕಳು ಬೀಳಬಾರದೆಂದು ಅಲ್ಲೊಂದು ಚಪ್ಪಡಿ ಹಾಸಿದರು. ಚಪ್ಪಡಿ ಸಮತಟ್ಟಾಗಿತ್ತು, ನೆರಳಿತ್ತು. ಊಟದ ಹೊತ್ತಿನಲ್ಲಿ ಮಕ್ಕಳು ಅದರ ಮೇಲೆ ಸೀಮೆಸುಣ್ಣದ ಮನೆ ಬರೆದು ಚೌಕಾಬಾರ ಆಡುತ್ತಿದ್ದರು. ಗಂಟೆಯವಳು ದಿನವೂ ಆ ಗೆರೆಗಳನ್ನು ತೊಳೆಯುತ್ತಿದ್ದಳು. ತೊಳೆದು, ಹೋಗಿ ಗಂಟೆ ಬಾರಿಸುತ್ತಿದ್ದಳು.

ಈಗ ಇಬ್ಬರು ಹುಡುಗಿಯರ ವಿಷಯ.

ಒಬ್ಬಳು ಬಣ್ಣ ಹಾಕುವವನ ಮಗಳು. ಅಪ್ಪನ ನೀಲಿಯ ತೊಟ್ಟಿಗಳ ಸುತ್ತ ಓಡಾಡಿ ಅವಳ ಅಂಗಾಲು ಅಳಿಸಲಾಗದಂತೆ ನೀಲಿಯಾಗಿತ್ತು. ಉದ್ದನೆಯ ಹುಡುಗಿ, ಉದ್ದನೆಯ ಕಾಲು. ಅವಳು ಶಾಲೆಗೆ ಹೋದ ದಾರಿಯಲ್ಲಿ ತೆಳು ನೀಲಿ ಹೆಜ್ಜೆಗಳು ಮೂಡುತ್ತಿದ್ದವು.

ಇನ್ನೊಬ್ಬಳು ಹಗ್ಗ ಹೊಸೆಯುವವಳ ಮಗಳು. ಗಿಡ್ಡಗಿದ್ದಳು, ಮಾತು ಕಡಿಮೆ. ಪಕ್ಕದ ಓಣಿಯಿಂದ ಬಂದು, ಬಣ್ಣದವನ ಮಗಳು ಮುಂದೆ ಹೋಗುವವರೆಗೆ ಕಾದು, ಆಮೇಲೆ ಆ ನೀಲಿ ಹೆಜ್ಜೆಗಳಲ್ಲಿ ಒಂದೊಂದಾಗಿ ಕಾಲಿಟ್ಟು ನಡೆಯುತ್ತಿದ್ದಳು. ಹಾಗೆ ನಡೆದರೆ ಶಾಲೆ ಹತ್ತಿರವಾಗುತ್ತಿತ್ತು, ಅಷ್ಟೇ. ಇಬ್ಬರು ಹೋದ ದಾರಿಯಲ್ಲಿ ಒಂದೇ ಸಾಲು ಉಳಿಯುತ್ತಿತ್ತು. ಮುಂದಿನವಳು ಒಮ್ಮೆಯೂ ತಿರುಗಿ ನೋಡುತ್ತಿರಲಿಲ್ಲ.

ಪತ್ತೆ ಮಾಡಿದವನು ಹಗುರ ನಡೆಯ ಹುಡುಗ. ಅವನ ಹೆಜ್ಜೆ ಎಷ್ಟು ತೆಳುವೆಂದರೆ, ವರ್ಷದ ಕೊನೆಯಲ್ಲಿ ಶಾಲೆ ಕೊಡುವ ಹಗುರ ನಡೆಯ ಬಹುಮಾನ ಸದಾ ಅವನ ಮನೆಗೇ ಹೋಗುತ್ತಿತ್ತು. ಮಕ್ಕಳೆಲ್ಲ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದಾಗ ಅವನು ಬಗ್ಗಿ ನೋಡಿದ.

"ಏನೇ ಇದು, ನಿನ್ನ ಅಂಗಾಲು ನೀಲಿ?"

"ಮಣ್ಣು," ಎಂದಳು ಹಗ್ಗದವಳ ಮಗಳು.

"ಮಣ್ಣು ನೀಲಿ ಇರುತ್ತಾ? ಮೇಷ್ಟ್ರೇ, ಇಲ್ಲಿ ಹೊಸ ಥರದ ಮಣ್ಣು ಸಿಕ್ಕಿದೆ ನೋಡಿ."

ತರಗತಿ ನಕ್ಕಿತು. ಮೇಷ್ಟ್ರೂ ಸ್ವಲ್ಪ ನಕ್ಕು, ಸಾಕು ಪಾಠ ನೋಡಿ ಎಂದರು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಒಂದೇ ಸಾಲು ಹೆಜ್ಜೆಯ ಗುಟ್ಟು ಹೊಂದಿಸಿಬಿಟ್ಟಳು. ಊಟದ ಬಿಡುವಿನ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು.

"ಮದುವೆ ಊಟ ಯಾವಾಗ ಹಾಕಿಸ್ತೀಯೇ?"

"ಗಂಡು ಯಾರು ಇವರಲ್ಲಿ? ಉದ್ದ ಇರೋಳೇ ಇರಬೇಕು."

"ಮೀಸೆ ಬರೆದು ಕೊಡ್ರೋ, ಶಾಸ್ತ್ರಕ್ಕಾದರೂ ಇರಲಿ."

ಹಗುರ ನಡೆಯ ಹುಡುಗ ಬಣ್ಣದವನ ಮಗಳ ಮುಂದೆ ಹೋಗಿ ನಿಂತ. "ಇವಳು ನಿನ್ನ ಹೆಜ್ಜೆ ಹಿಡಿದು ಬರ್ತಾಳಂತೆ. ನಿನಗೆ ಗೊತ್ತಿತ್ತಾ?"

ಚಪ್ಪಡಿಯ ಮೇಲೆ ಕವಡೆ ಉರುಳುವುದು ನಿಂತಿತು. ಎಲ್ಲರೂ ಬಣ್ಣದವನ ಮಗಳ ಬಾಯಿ ನೋಡಿದರು.

"ನನಗೇನು ಬೆನ್ನಲ್ಲಿ ಕಣ್ಣಿದೆಯಾ?" ಎಂದಳು ಅವಳು. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಅವರು ಇನ್ನೂ ನೋಡುತ್ತಲೇ ಇದ್ದರು. "ಥೂ, ಅಸಹ್ಯ," ಎಂದು ಸೇರಿಸಿದಳು.

ಮೆಲ್ಲಗೇ ಅಂದಳು. ಆ ದಿನ ಆಡಿದ ಮಾತುಗಳಲ್ಲಿ ಅದಕ್ಕಿಂತ ಮೆಲ್ಲಗಿನ ಮಾತು ಇನ್ನೊಂದಿರಲಿಲ್ಲ. ಸಂಜೆ ಹಗ್ಗದವಳ ಮಗಳು ಮನೆಗೆ ಹೋದಾಗ ಹೆಜ್ಜೆ ಹಿಮ್ಮಡಿ ದಾಟಿ ಹೂತಿತ್ತು.

ತಾಯಿ ಹುಣಸೆಹಣ್ಣು ಹಚ್ಚಿ ಮಗಳ ಅಂಗಾಲು ತಿಕ್ಕಿದಳು. ನೀಲಿ ಹೋಗಲಿಲ್ಲ, ಚರ್ಮ ಕೆಂಪಾಯಿತು. ತಿಕ್ಕುತ್ತಲೇ, ತಲೆಯೆತ್ತದೆ, "ನಮ್ಮ ಮನೇಲಿ ಹಿಂಗೆ ಯಾರೂ ಇರಲಿಲ್ಲ ಕಣೇ," ಎಂದಳು. ಬೈಗುಳವಲ್ಲ, ಶಾಪವಲ್ಲ. ಮರುದಿನ ಹುಡುಗಿ ಮೀನಖಂಡದವರೆಗೆ ಹೂತಳು.

ಊರು ಕೈಕಟ್ಟಿ ಕೂತಿತೆಂದು ಯಾರೂ ದೂರುವ ಹಾಗಿಲ್ಲ. ಪಂಡಿತರು ನಾಡಿ ಹಿಡಿದು, "ವಯಸ್ಸಿನ ಭಾರ, ತಾನಾಗೇ ಇಳಿಯುತ್ತೆ," ಎಂದು ಗಂಜಿಯ ಪಥ್ಯ ಹೇಳಿದರು. ಹುಡುಗಿ ತೆಳ್ಳಗಾದಳು, ಹೆಜ್ಜೆ ಆಗಲಿಲ್ಲ. ಹೆಡ್‌ಮೇಷ್ಟ್ರು ಅಂಗಾಲಿನ ಅಳತೆ ತೆಗೆದುಕೊಂಡು, ಊಟದ ಮಣೆಗಳನ್ನು ಕಾಲಿಗೆ ಕಟ್ಟಿಕೊಂಡು ಬರಲು ಹೇಳಿದರು. ಮಣೆಗಳೂ ಹೂತವು. ಎದುರುಮನೆಯ ಅತ್ತೆ ಬಂದು, "ಹುಡುಗರು ಅನ್ನೋದೇ, ನೀನು ಮನಸ್ಸಿಗೆ ಹಚ್ಚಿಕೊಳ್ಳೋದೇ? ನಕ್ಕುಬಿಡು ಮಗಾ," ಎಂದರು. ಅವಳು ನಕ್ಕು ನೋಡಿದಳು. ಅದು ಚೆನ್ನಾಗಿ ಬರಲಿಲ್ಲ, ಅತ್ತೆಯೇ ಮುಖ ತಿರುಗಿಸಿದರು.

ಬೀದಿ ಸವರುವವನು ಒಂದು ಸಂಜೆ ಅವಳ ಬಾಗಿಲಲ್ಲಿ ನಿಂತ. "ತಪ್ಪು ತಿಳ್ಕೋಬೇಡವ್ವ. ಊರಿಗೆಲ್ಲ ಒಂದು ಬುಟ್ಟಿ ಮಣ್ಣಾದ್ರೆ ನಿನ್ನೊಬ್ಬಳಿಗೇ ಇನ್ನೊಂದು ಬೇಕು. ಸ್ವಲ್ಪ ಗೋಡೆ ಪಕ್ಕ ನಡೀಬಾರ್ದಾ?"

ಅವಳು ಗೋಡೆಯ ಪಕ್ಕ, ಮನೆಮನೆಯ ಜಗಲಿ ಹತ್ತಿ ಇಳಿದು ಹೋಗತೊಡಗಿದಳು. ನಮ್ಮ ಜಗಲಿ ಏನು ಬೀದಿಯಾ ಎಂದು ಮನೆಯವರು ಕೇಳಿದರು. ಆಮೇಲೆ ಅವಳು ಹೊರಗೆ ಬರುವುದನ್ನೇ ಬಿಟ್ಟಳು. ಮನೆಯೊಳಗಿನ ನೆಲ ಕಲ್ಲು. ಅಲ್ಲಿ ಹೆಜ್ಜೆ ಮೂಡುತ್ತಿರಲಿಲ್ಲ. ಹೆಜ್ಜೆ ಕಾಣದ್ದರಿಂದ ಹುಡುಗಿಗೆ ವಾಸಿಯಾಗಿದೆ ಎಂದು ಊರಿನವರು ಸಮಾಧಾನಪಟ್ಟರು.

ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವಳು ಒಂದು ಮಧ್ಯಾಹ್ನ, "ಅಮ್ಮಾ, ಕೆಳಗೆ ತಂಪಾಗಿರುತ್ತೆ," ಎಂದಳು.

ಹಗ್ಗ ಹೊಸೆಯುತ್ತಿದ್ದ ತಾಯಿಯ ಕೈ ನಿಂತಿತು. "ಎಲ್ಲಿ ಕೆಳಗೆ?"

"ನೆಲದಡಿ. ಯಾರ ಮಾತೂ ಕೇಳಿಸಲ್ಲ ಅಲ್ಲಿ."

"ಯಾರು ಹೇಳಿದ್ರು ನಿನಗೆ?"

"ಯಾರೂ ಹೇಳಿಲ್ಲ. ಕಾಲು ಹೂತಾಗ ಕಾಲಿಗೆ ಗೊತ್ತಾಗುತ್ತಲ್ಲ."

ತಾಯಿ ಮತ್ತೆ ಹೊಸೆಯತೊಡಗಿದಳು. ಅವಳಿಗೆ ಗೊತ್ತಿದ್ದದ್ದು ಅದೊಂದೇ. ತನ್ನ ಕೈಯಲ್ಲಿ ಈವರೆಗೆ ಆಗದಷ್ಟು ಉದ್ದದ, ಆಗದಷ್ಟು ಗಟ್ಟಿಯ ಹಗ್ಗ ಹೊಸೆದು, ಒಂದು ತುದಿಯನ್ನು ಮನೆಯ ಕಂಬಕ್ಕೆ ಕಟ್ಟಿದಳು, ಇನ್ನೊಂದನ್ನು ಮಗಳ ಸೊಂಟಕ್ಕೆ. "ಈಗ ಹೋಗು ಶಾಲೆಗೆ. ಎಲ್ಲಿ ಹೂತರೂ ಎಳೀತೀನಿ."

ಇತ್ತ ಬಣ್ಣದವನ ಮಗಳು ಹಗುರವಾಗುತ್ತಿದ್ದಳು. ತಮಾಷೆ ಮಾಡುವವರ ಗುಂಪಿನಲ್ಲಿ ಅವಳಿಗೆ ಜಾಗ ಸಿಕ್ಕಿತ್ತು. ಅವಳ ಮೇಲೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅನ್ನಬೇಕಾದ್ದನ್ನೆಲ್ಲ ಅನ್ನಲು ಇನ್ನೊಬ್ಬಳಿದ್ದಳು. ಹೆಜ್ಜೆ ದಿನದಿನಕ್ಕೆ ತೆಳುವಾಯಿತು, ನೀಲಿ ಮಾಸಿತು. ಈ ಸಲ ಬಹುಮಾನ ಇವಳಿಗೇ ಇರಬಹುದೆಂದು ಹೆಡ್‌ಮೇಷ್ಟ್ರು ಎಲ್ಲರೆದುರು ಹೇಳಿದರು. ಒಂದು ಬೆಳಗ್ಗೆ ಅವಳು ಶಾಲೆಯ ಬಾಗಿಲಲ್ಲಿ ಮೊದಲ ಬಾರಿಗೆ ತಿರುಗಿ ನೋಡಿದಳು. ಬೀದಿ ನುಣ್ಣಗಿತ್ತು. ತಾನು ಎಲ್ಲಿಂದ ಬಂದೆನೆಂದು ತೋರಿಸುವ ಒಂದು ಗುರುತೂ ಅಲ್ಲಿರಲಿಲ್ಲ. ಹಿಂದೆ ಬರುವವರೂ ಇರಲಿಲ್ಲ.

ಆಗ ಬೀದಿಯ ಆ ತುದಿಯಲ್ಲಿ ಹಗ್ಗದವಳ ಮಗಳು ಕಾಣಿಸಿದಳು. ಸೊಂಟದಿಂದ ಮನೆಯವರೆಗೆ ಹಗ್ಗ.

"ಕರು ಬಂತು ಕರು," ಎಂದ ಹಗುರ ನಡೆಯ ಹುಡುಗ. "ಗೂಟ ಎಲ್ಲಿ ಹೊಡೆಯೋಣ?"

"ಹಾಲು ಕರೆಯುತ್ತಾ ಇದು?"

"ಇದಕ್ಕೆ ಹೋರಿ ಆಗಿಬರಲ್ಲ ಕಣ್ರೋ."

ನಗು ಬೀದಿ ಮುಟ್ಟಿತು. ಹುಡುಗಿ ಮೊಣಕಾಲವರೆಗೆ ಹೂತಳು. ಕಾಲೆಳೆದುಕೊಂಡು ಇನ್ನೊಂದು ಹೆಜ್ಜೆಯಿಟ್ಟಳು. ಅದು ತೊಡೆಯವರೆಗೆ ಹೋಯಿತು. ಅವಳು ಆ ಕಾಲನ್ನು ನೋಡಿದಳು. ಎತ್ತಬೇಕೋ ಬೇಡವೋ ಎಂದು ಯೋಚಿಸುವವಳ ಹಾಗೆ ನೋಡಿ, ಎತ್ತದೆ ಸುಮ್ಮನೆ ನಿಂತಳು. ನೆಲ ಅವಳನ್ನು ನಿಧಾನವಾಗಿ ಸೊಂಟದವರೆಗೆ ತೆಗೆದುಕೊಂಡಿತು.

ಜನ ಸೇರಿದರು. ಅಯ್ಯೋ ಪಾಪ ಎಂದರು, ಅವಳು ಎರಡು ಬೆರಳು ಇಳಿದಳು. ಒಳ್ಳೆ ಹುಡುಗಿ, ಯಾಕೆ ಹೀಗಾದಳೋ ಎಂದರು, ಇನ್ನಷ್ಟು ಇಳಿದಳು. ಹಗ್ಗ ಬಿಗಿಯಾದದ್ದು ನೋಡಿ ತಾಯಿ ಓಡಿಬಂದು, ಬೀದಿಯ ನಡುವೆ ಹಿಮ್ಮಡಿಯೂರಿ ಎಳೆದಳು. ಗಂಡಸರೂ ಕೈಹಾಕಿದರು. ಹಗ್ಗ ಗಟ್ಟಿಯಾಗಿತ್ತು, ಹರಿಯಲಿಲ್ಲ. ಹುಡುಗಿಯ ಸೊಂಟಕ್ಕೆ ಕೊರೆಯಿತು, ಮೇಲಕ್ಕೆ ತರಲಿಲ್ಲ. ಮಣ್ಣು ಎದೆಗೆ ಬಂತು. ಹುಡುಗಿ ಅಳುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಗಂಟೆಯವಳು ಚಪ್ಪಡಿ ತೊಳೆಯುತ್ತಿದ್ದವಳು ಒದ್ದೆ ಕೈಯಲ್ಲೇ ಬಂದಳು. "ಹಗ್ಗ ಬಿಡವ್ವ," ಎಂದಳು ತಾಯಿಗೆ. "ನಾನೂ ಎಳೆದಿದ್ದೆ. ಅಂದವರು ಬಂದು ಹೆಜ್ಜೆ ತುಂಬಬೇಕು. ಆವತ್ತೂ ಇದನ್ನೇ ಕೇಳಿದೆ, ಒಬ್ಬರೂ ಬರಲಿಲ್ಲ."

"ಅದು ದೊಡ್ಡವರ ಜಗಳಕ್ಕಿರೋ ಪದ್ಧತಿ," ಎಂದರು ಹೆಡ್‌ಮೇಷ್ಟ್ರು. "ಇದು ಮಕ್ಕಳ ತಮಾಷೆ."

"ತಮಾಷೆ ಎದೆಮಟ್ಟಕ್ಕೆ ಬಂದಿದೆಯಲ್ಲ ಮೇಷ್ಟ್ರೇ."

ಯಾರೂ ಅಲುಗಾಡಲಿಲ್ಲ. ಒಬ್ಬೊಬ್ಬರದೂ ಒಂದೊಂದೇ ಮಾತು, ಅದೂ ಚಿಕ್ಕದು. ಅಷ್ಟು ಚಿಕ್ಕದಕ್ಕೆ ಕಾಲು ಕೆಸರು ಮಾಡಿಕೊಳ್ಳುವುದೇ ಎಂದು ಎಲ್ಲರೂ ತಮ್ಮ ತಮ್ಮ ಪಾದ ನೋಡಿಕೊಂಡರು.

ತಾಯಿ ಹಗ್ಗ ಬಿಟ್ಟಳು. ಮಗಳ ಹಿಂದಿನ ಹೊಂಡದೊಳಗೆ ಕಾಲಿಟ್ಟಳು. "ನಮ್ಮ ಮನೇಲಿ ಹಿಂಗೆ ಯಾರೂ ಇರಲಿಲ್ಲ ಅಂದಿದ್ದೆ. ಅಂದೋಳು ನಾನು." ಮಗಳ ಎದೆಯಿಂದ ಮಣ್ಣು ಒಂದು ಗೇಣು ಇಳಿಯಿತು. ತಾಯಿ ಮೀನಖಂಡದವರೆಗೆ ಹೂತಳು. ಇಷ್ಟು ಮೆತ್ತಗಿನ ಮಾತು ಇಷ್ಟು ತೂಗುತ್ತದೆಂದು ಊರು ಆವತ್ತು ನೋಡಿತು. ನೋಡುವುದು ಮರ್ಯಾದೆಯಲ್ಲದಿದ್ದರೂ ನೋಡಿತು.

ಇನ್ನೂ ಸೊಂಟದವರೆಗೆ ಮಣ್ಣಿತ್ತು.

ಬಣ್ಣದವನ ಮಗಳು ಶಾಲೆಯ ಜಗಲಿಯ ಮೇಲೆ ನಿಂತಿದ್ದಳು. ಕಲ್ಲಿನ ಮೇಲೆ ನಿಂತವರಿಗೆ ಯಾವ ಭಯವೂ ಇಲ್ಲ. ಕೆಳಗಿಳಿದು ಆ ಹೆಜ್ಜೆಯಲ್ಲಿ ಕಾಲಿಟ್ಟರೆ ಜಗಳ ತೀರಿಸುವ ಹಾಗೆ ಕಾಣುತ್ತದೋ, ಮದುವೆಯ ಹಾಗೆ ಕಾಣುತ್ತದೋ, ನೋಡಿದವರು ಯಾವುದೆಂದು ಹೇಳುತ್ತಾರೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಇಳಿದಳು. ಬೀದಿಯಲ್ಲಿ ಅವಳ ಹೆಜ್ಜೆ ಮೂಡಲಿಲ್ಲ, ಅಷ್ಟು ಹಗುರವಾಗಿದ್ದಳು.

"ನೋಡ್ರೋ, ಈಗ ಇವಳು ಹೆಜ್ಜೆ ಹಿಡಿದಳು," ಎಂದ ಹಗುರ ನಡೆಯ ಹುಡುಗ. ಒಬ್ಬಿಬ್ಬರು ನಕ್ಕರು. ಆ ಮಾತು ಇವಳ ಮೇಲೆ ಬಿತ್ತು. ಮುಂದಿನ ಹೆಜ್ಜೆ ನೀಲಿಯಾಗಿ, ಸ್ಪಷ್ಟವಾಗಿ ಮೂಡಿತು. ಅವಳು ನಿಲ್ಲಲಿಲ್ಲ. ತಾಯಿಯ ಪಕ್ಕದ ಹೊಂಡಕ್ಕೆ ಕಾಲಿಟ್ಟಳು.

"ಅಸಹ್ಯ ಅಂದಿದ್ದೆ," ಎಂದಳು. "ನಾನೇ ಅಂದಿದ್ದು."

ಮಣ್ಣು ಸೊಂಟದಿಂದ ಮೊಣಕಾಲಿಗೆ ಇಳಿಯಿತು. ಬಣ್ಣದವನ ಮಗಳ ಕಾಲು ಹೊಂಡದೊಳಗೆ ಇನ್ನೂ ಆಳಕ್ಕೆ ಹೋಯಿತು. ಪದ್ಧತಿಯ ಪ್ರಕಾರ ಅಲ್ಲಿಗೆ ಮುಗಿಯಿತು. ಆದರೆ ಹಗ್ಗದವಳ ಮಗಳು ಮೊಣಕಾಲವರೆಗೆ ಮಣ್ಣಿನಲ್ಲಿ ಹಾಗೇ ನಿಂತಿದ್ದಳು. ಬೇಕಾದರೆ ಕಾಲು ಎತ್ತಬಹುದಿತ್ತು. ಎತ್ತಲಿಲ್ಲ.

"ಇನ್ನೂ ಒಂದು ಇದೆ," ಎಂದಳು ಬಣ್ಣದವನ ಮಗಳು, ಈ ಸಲ ಅವಳ ಬೆನ್ನಿಗೆ ಮಾತ್ರ ಕೇಳುವ ಹಾಗೆ. "ಅದು ಅಂದಿದ್ದಲ್ಲ, ಅನ್ನದೇ ಇದ್ದದ್ದು. ನೀನು ಹಿಂದೆ ಬರೋದು ನನಗೆ ಗೊತ್ತಿತ್ತು. ಮೊದಲನೇ ದಿನದಿಂದ ಗೊತ್ತಿತ್ತು. ನಿನ್ನ ಕಾಲು ಚಿಕ್ಕದಲ್ವಾ, ಎಟುಕಲ್ಲ ಅಂತ ಹೆಜ್ಜೆ ಹತ್ತಿರ ಹತ್ತಿರ ಇಡ್ತಿದ್ದೆ."

ಹಗ್ಗದವಳ ಮಗಳು ತಿರುಗಿ ನೋಡಿದಳು. ಎಷ್ಟೋ ದಿನದ ಮೇಲೆ ಒಬ್ಬರ ಮುಖ ನೋಡಿದಳು.

ಆಮೇಲೆ ಒಂದು ಕಾಲು ಎತ್ತಿದಳು. ಯಾರೂ ಎಳೆಯಲಿಲ್ಲ, ನೆಲವೂ ಬಿಟ್ಟುಕೊಡಲಿಲ್ಲ. ಅವಳೇ ಎತ್ತಿದಳು.

ಅದಾದ ಮೇಲೆ ಹಿಂದಿನ ಸಾಲಿನ ಹುಡುಗಿ ಬಂದು ಮೀಸೆಯ ಮಾತನ್ನು ಒಪ್ಪಿಕೊಂಡು ಹೋದಳು. ಎದುರುಮನೆಯ ಅತ್ತೆ ಬಂದರು. ತಾವು ಅಂದದ್ದು ತೂಗಿತ್ತೆಂದು ಅವರಿಗೆ ಆಶ್ಚರ್ಯ. ಬೀದಿ ಸವರುವವನು ಬುಟ್ಟಿಯ ಮಾತಿಗೆ ಕಾಲಿಟ್ಟ. ಪಂಡಿತರು ಬರಲಿಲ್ಲ, ಸಾಹುಕಾರ ಬರಲಿಲ್ಲ. ಹೆಡ್‌ಮೇಷ್ಟ್ರು ತಾವು ಏನೂ ಅಂದಿಲ್ಲವಲ್ಲ ಎಂದರು. ಅದು ನಿಜವೇ ಆಗಿತ್ತು, ಅನ್ನದೇ ಇದ್ದದ್ದಕ್ಕೆ ಆ ಊರಿನಲ್ಲಿ ಇನ್ನೂ ಪದ್ಧತಿಯಿರಲಿಲ್ಲ.

ಹಾಗಾಗಿ ಹುಡುಗಿ ಪೂರ್ತಿ ಹಗುರವಾದಳೆಂದು ಹೇಳುವ ಹಾಗಿಲ್ಲ. ಹಿಮ್ಮಡಿ ಮುಳುಗುವಷ್ಟು ಉಳಿಯಿತು. ಬಣ್ಣದವನ ಮಗಳಿಗೂ ಅಷ್ಟೇ ಆಯಿತು, ಬಹುಮಾನ ತಪ್ಪಿತು. ತಮಾಷೆಗಳೂ ನಿಲ್ಲಲಿಲ್ಲ, ಆದರೆ ಈಗ ಅವು ಇಬ್ಬರ ಮೇಲೆ ಹಂಚಿ ಬೀಳುತ್ತಿದ್ದವು. ಒಂದು ಸಂಜೆ ಹಲಗೆ ಎಳೆಯುತ್ತ ಬಂದ ಬೀದಿ ಸವರುವವನು ಶಾಲೆಯ ದಾರಿಯಲ್ಲಿ ಬಗ್ಗಿ ನೋಡಿದ. ಒಂದೇ ಸಾಲು ನೀಲಿ ಹೆಜ್ಜೆ, ಆಳವಾಗಿ, ಹತ್ತಿರ ಹತ್ತಿರ. "ಇವು ಯಾಕೋ ಗಟ್ಟಿ," ಎಂದುಕೊಂಡು, ಎರಡೆರಡು ಸಲ ಹಲಗೆ ಎಳೆದ.

ಬಹುಮಾನ ಹಗುರ ನಡೆಯ ಹುಡುಗನಿಗೇ ಬಂತು. ತೆಗೆದುಕೊಂಡು ಮನೆಗೆ ಹೋಗುವ ಬದಲು ಅವನು ಶಾಲೆಯ ಹಿಂದೆ ಹೋದ. ಯಾರೂ ಇಲ್ಲವೆಂದು ನೋಡಿಕೊಂಡು ಚಪ್ಪಡಿಯ ಮೇಲೆ ಒಂದು ಕಾಲಿಟ್ಟು, ಹಿಂದೊಮ್ಮೆ ಇಲ್ಲಿ ಹೂತುಹೋದವನಿಗೆ ಏನು ಅಂದಿದ್ದನೋ ಅದನ್ನೆಲ್ಲ ಪಿಸುಗುಟ್ಟಿದ. ಏನೂ ಆಗಲಿಲ್ಲ. ಕಾಲು ಬದಲಿಸಿ ಇನ್ನೊಮ್ಮೆ ಹೇಳಿದ. ಕಲ್ಲು ಕಲ್ಲಾಗಿಯೇ ಇತ್ತು, ಅದರ ಮೇಲೆ ಹೆಜ್ಜೆ ಮೂಡುವ ಹಾಗಿರಲಿಲ್ಲ.

ಗಂಟೆಯವಳು ನೀರಿನ ಬಿಂದಿಗೆ ಹಿಡಿದು ಮೂಲೆಯಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಅವನಿಗೆ ತಿಳಿಯಲಿಲ್ಲ.

"ಅಮ್ಮಾ, ನಾನು..." ಎಂದ.

"ಇಲ್ಲಿ ಅಲ್ಲಪ್ಪ," ಎಂದಳು ಗಂಟೆಯವಳು. ಬೀದಿಯ ಕಡೆ ಕೈ ತೋರಿಸಿದಳು. "ಹಗ್ಗದವಳ ಮಗಳು ಈಗ ತಾನೇ ಆ ಕಡೆ ಹೋದಳು. ಹೆಜ್ಜೆ ಇನ್ನೂ ಹಸಿ ಇದೆ, ಹೋಗು."